ನಿಬಿಯಾಳ ಭಾನುವಾರ

ಈ ಸಭೆಯ ಅಧ್ಯಕ್ಷರೂ ನಮ್ಮ ಸೇಯ್ಬೋ ವೃದ್ಧಾಶ್ರಮದ ಮಾಲೀಕರೂ ಆದ ದೋನ್ ಅಮಿಲ್ಕಾರ್ ಬೆರ್ರುಟಿ ಅವರೇ, ನಗರಸಭೆಯಿಂದ ಬಂದು ಮುಂದಿನ ಸಾಲಿನಲ್ಲಿ ಆಸೀನರಾಗಿರುವ ಗಣ್ಯರೇ, ತಿಂಗಳಿಗೊಮ್ಮೆಯಾದರೂ ಮುಖ ತೋರಿಸುವ ಬಂಧುಗಳೇ, ಮುಖ ತೋರಿಸದಿದ್ದರೂ ಇವತ್ತು ಊಟವಿದೆಯೆಂದು ಬಂದಿರುವ ಬಂಧುಗಳೇ, ನನ್ನ ಜೊತೆಗಾರರಾದ ಮುದುಕ ಮುದುಕಿಯರೇ, ಇವತ್ತಿನ ಸನ್ಮಾನಕ್ಕೆ ಪಾತ್ರರಾಗಿ ಆ ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿರುವ ನರ್ಸ್ ನಿಬಿಯಾ ತೆಚೇರಾ ಅವರೇ, ಮತ್ತು ಸಭಿಕರೇ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷ ಎಂದರೆ ಎಷ್ಟು ಹೊತ್ತು ಎಂಬುದನ್ನು ಈ ದಾರ್ದೊ ಎಚಾರ್ತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೀವಮಾನವೆಲ್ಲ ನಾನು ದನದ ಸಂತೆಗಳಲ್ಲಿ ಹರಾಜು ಕೂಗಿದವನು. ಐದು ನಿಮಿಷದಲ್ಲಿ ಒಂದು ದೊಡ್ಡಿ ದನ ಬಿಕರಿಯಾಗುತ್ತಿತ್ತು, ಕೊಂಡವನು ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತಿಗೆ ಬೀಳುತ್ತಿತ್ತು. ಈ ತಾಕ್ವಾರೆಂಬೋ ಸೀಮೆಯಲ್ಲಿ ನನ್ನ ಗಂಟಲು ಕೇಳದೆ ಹೋರಿ ಕೊಂಡ ಯಜಮಾನರಿದ್ದರೆ ಕೈ ಎತ್ತಲಿ. ಯಾರೂ ಇಲ್ಲ. ಸರಿ.

ಮೈಕಿನ ತಂತಿಯನ್ನು ಸ್ವಲ್ಪ ಸಡಿಲ ಬಿಡಬಹುದೇ? ಒಂದು ಕಡೆ ನಿಂತು ಮಾತಾಡುವುದು ನನಗೆ ಒಗ್ಗುವುದಿಲ್ಲ. ಇವತ್ತಂತೂ ಬೆಳಗಿನಿಂದ ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ. ನನ್ನ ಕೋಣೆಯ ರಾಮೋನ್ ಅವರು ಕೇಳಿಯೇಬಿಟ್ಟರು: "ಏನಯ್ಯಾ, ಪ್ಯಾಂಟಿನೊಳಗೆ ಇರುವೆ ಹೊಕ್ಕಿದೆಯಾ?" ಇರುವೆಯಲ್ಲ. ದೋನ್ ಅಮಿಲ್ಕಾರ್ ಅವರು ಒಂದು ಮಾತನ್ನು ಈ ವೇದಿಕೆಯಿಂದ ಹೇಳಬೇಕೆಂದು ನನಗೆ ಒಪ್ಪಿಸಿದ್ದಾರೆ. ಹೇಳುತ್ತೇನೆ. ಆದರೆ ಅದಕ್ಕೆ ಮುಂಚೆ, ಈ ಸನ್ಮಾನ ಯಾಕೆ ನಡೆಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿರಬೇಕಲ್ಲವೇ? ಹೊಸಬರು ಇದ್ದಾರೆ. ಹಳಬರು ಮರೆಯುತ್ತಾರೆ. ನಾವಂತೂ ಮರೆಯುವುದಕ್ಕೇ ಇಲ್ಲಿ ಸೇರಿಕೊಂಡವರು.

ಹೋದ ಚಳಿಗಾಲದ ಮಾತು. ನಿಬಿಯಾ ಅವರು ಆಗ ಎರಡು ಕಡೆ ಕೆಲಸ ಮಾಡುತ್ತಿದ್ದರು. ಇಲ್ಲಿ ನಮ್ಮನ್ನು ನೋಡಿಕೊಳ್ಳುವುದು, ಇಲ್ಲಿಂದ ಸೈಕಲ್ ಹತ್ತಿ ಊರಿನ ಆ ತುದಿಯ ಇನ್ನೊಂದು ಆಶ್ರಮಕ್ಕೆ ಹೋಗಿ ಅಲ್ಲಿಯವರನ್ನು ನೋಡಿಕೊಳ್ಳುವುದು. ಯಾಕೆ? ಹವ್ಯಾಸಕ್ಕೇ? ಆಸ್ಪತ್ರೆಯ ನರ್ಸಿಗೆ ಸಿಗುವುದರಲ್ಲಿ ಮುಕ್ಕಾಲು ಭಾಗವೂ ಇಲ್ಲಿ ಸಿಗುತ್ತಿರಲಿಲ್ಲ. ಅದೇ ಓದು, ಅದೇ ಸೂಜಿ, ಅದೇ ಕೈ. ನಾವು ಕಾಯಿಲೆಯವರಲ್ಲ, ಬರೀ ಮುದುಕರು, ಅದಕ್ಕೇ ಕಡಿಮೆ. ಜೊತೆಗೆ ನಾಳೆ ಯಾವ ಹೊತ್ತಿಗೆ ಬರಬೇಕು ಎಂಬುದು ಇವತ್ತು ಸಂಜೆ ಫೋನಿನಲ್ಲಿ ಗೊತ್ತಾಗುತ್ತಿತ್ತು. "ಬೆಳಿಗ್ಗೆ ಬಾ" ಎನ್ನುವರು, ಮಗಳನ್ನು ಶಾಲೆಗೆ ಬಿಡಲು ಪಕ್ಕದ ಮನೆಯವರನ್ನು ಗೊತ್ತು ಮಾಡಿದ ಮೇಲೆ "ಇಲ್ಲ, ಮಧ್ಯಾಹ್ನ ಬಾ" ಎನ್ನುವರು. ಭಾನುವಾರವಂತೂ ಕೇಳುವುದೇ ಬೇಡ. ಭಾನುವಾರ ಬಂಧುಗಳು ಬರುವ ದಿನ, ಎಲ್ಲ ನಗುತ್ತಿರಬೇಕು, ಎಲ್ಲ ಬೆಳ್ಳಗಿರಬೇಕು, ಆದ್ದರಿಂದ ನಿಬಿಯಾ ಇರಲೇಬೇಕು.

ಹೀಗಿರುವಾಗ ಒಂದು ಮಧ್ಯಾಹ್ನ ಅವರು ದೊನ್ಯಾ ಓಫೆಲಿಯ ಅವರ ತಲೆ ಬಾಚುತ್ತಿದ್ದರು. ದೊನ್ಯಾ ಓಫೆಲಿಯ ಅಲ್ಲೇ ಮೊದಲ ಸಾಲಿನಲ್ಲಿದ್ದಾರೆ, ತೊಂಬತ್ತು ದಾಟಿದವರು. ಭಾಷಣ ಶುರುವಾದ ಕೂಡಲೇ ಕಿವಿಯ ಯಂತ್ರವನ್ನು ಬಂದ್ ಮಾಡುತ್ತಾರೆ, ಆದ್ದರಿಂದ ಅವರ ಬಗ್ಗೆ ಧೈರ್ಯವಾಗಿ ಮಾತಾಡಬಹುದು. ಬಾಚುತ್ತ ಬಾಚುತ್ತ ನಿಬಿಯಾ ಅವರ ಕೈ ನಿಂತಿತು. ಮಂಚದ ಅಂಚಿನಲ್ಲಿ ಕೂತಿದ್ದವರು ಹಾಗೇ ಮುಂದಕ್ಕೆ ವಾಲಿ, ಓಫೆಲಿಯ ಅವರ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಬಾಚಣಿಗೆ ಕೂದಲಲ್ಲೇ ಇತ್ತು.

ನಮ್ಮ ಓಫೆಲಿಯ ಅಲುಗಾಡಲಿಲ್ಲ. ತೋಳು ಜೋಮು ಹಿಡಿಯಿತು, ಅಲುಗಾಡಲಿಲ್ಲ. ಚಹಾದ ಹೊತ್ತು ಹೋಯಿತು, ಅಲುಗಾಡಲಿಲ್ಲ. ನನ್ನ ಎದೆಯ ಮಾತ್ರೆಯ ಹೊತ್ತೂ ಹೋಯಿತು. ನಾನು ಸಾಯಲಿಲ್ಲ, ನೋಡುತ್ತಿದ್ದೀರಲ್ಲ. ಆದರೆ ಸಾಯಬಹುದಿತ್ತು, ಅದನ್ನೂ ಹೇಳಬೇಕು. ದೋನ್ ಅಮಿಲ್ಕಾರ್ ನಮ್ಮ ನರ್ಸ್ ಎಲ್ಲಿ ಎಂದು ಹುಡುಕಿಕೊಂಡು ಬಂದರು, ಬಾಗಿಲು ತೆರೆದರು.

"ಶ್!" ಎಂದರಂತೆ ಓಫೆಲಿಯ. "ಮಗು ಮಲಗಿದೆ. ಕಣ್ಣು ಕಾಣಲ್ವಾ ನಿನಗೆ?"

ದೋನ್ ಅಮಿಲ್ಕಾರ್ ಕೂಗಾಡಿದರು. ತಪ್ಪೆಂದು ನಾನು ಹೇಳುವುದಿಲ್ಲ, ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಜೋರಾಗಿ ಕೂಗುತ್ತಿದ್ದೆ, ಗಂಟಲು ನನ್ನದು ದೊಡ್ಡದು. ಅಂಗಳದಲ್ಲಿ ನಾವೆಲ್ಲ ಕೇಳುವಂತೆಯೇ ಆ ಮಾತುಕತೆ ನಡೆಯಿತು.

"ಮಾತ್ರೆ ತಪ್ಪಿಸಿ ನಿದ್ದೆ ಮಾಡ್ತೀಯಲ್ಲ, ಯಾರಾದ್ರೂ ಹೋಗಿಬಿಟ್ಟಿದ್ರೆ?"

"ನಿಜ, ದೋನ್ ಅಮಿಲ್ಕಾರ್. ನಿನ್ನೆ ಬೆಳಿಗ್ಗೆಯಿಂದ ನಿಂತೇ ಇದೀನಿ. ಮೊದಲು ಅಲ್ಲಿ, ಆಮೇಲೆ ಇಲ್ಲಿ."

"ಅಲ್ಲಿಗೆ ಯಾಕೆ ಹೋಗ್ತೀಯ?"

"ಇಲ್ಲಿ ಕೊಡೋದು ಸಾಲಲ್ಲ ಅಂತ."

"ಹಂಗಾದ್ರೆ ಅಲ್ಲೇ ಇರು!"

"ಅಲ್ಲೂ ಸಾಲಲ್ಲ."

ಸಭಿಕರೇ, ಈ ಹೆಂಗಸು ಅಳಲಿಲ್ಲ, ಕೈ ಮುಗಿಯಲಿಲ್ಲ. ಬಿಳಿ ಕೋಟನ್ನು ಕಳಚಿ ಗೂಟಕ್ಕೆ ಹಾಕಿ, ನನ್ನ ಕೈಗೆ ಮಾತ್ರೆ ಮತ್ತು ನೀರು ಕೊಟ್ಟು, ನಾನು ನುಂಗುವ ತನಕ ನಿಂತು ನೋಡಿ, ಸೈಕಲ್ ಹತ್ತಿ ಹೋದರು. ಮರುದಿನ ಉಳಿದ ಇಬ್ಬರು ನರ್ಸುಗಳೂ ಮಾಲೀಕರ ಮುಂದೆ ನಿಂತು ಹೇಳಿದರು: ಮಾತ್ರೆ ಕೊಡುತ್ತೇವೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತೇವೆ, ಸಂಬಳ ಸರಿಯಾಗುವ ತನಕ ಉಳಿದದ್ದನ್ನು ನೀವೇ ಮಾಡಿಕೊಳ್ಳಿ.

ಆಗ ದೋನ್ ಅಮಿಲ್ಕಾರ್ ಅಂಗಿಯ ತೋಳು ಮಡಿಸಿ ಕೆಲಸಕ್ಕಿಳಿದರು. ಇದನ್ನು ನಾನು ಗೌರವದಿಂದಲೇ ಹೇಳುತ್ತೇನೆ. ಬೇರೆ ಮಾಲೀಕನಾಗಿದ್ದರೆ ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದ. ಇವರು ತಾವೇ ಬಂದು ನಮ್ಮನ್ನು ಎಬ್ಬಿಸಿದರು, ತೊಳೆದರು, ಬಟ್ಟೆ ಹಾಕಿದರು. ರಾಮೋನ್ ಅವರ ಎರಡೂ ಕಾಲನ್ನು ಪ್ಯಾಂಟಿನ ಒಂದೇ ತೂತಿಗೆ ತೂರಿಸಿದರು. ನನ್ನ ಗಡ್ಡ ಹೆರೆದರು. ಈ ಗಲ್ಲದ ಮೇಲೆ ಗೆರೆ ಇದೆ ನೋಡಿ, ಇದು ಆಡಳಿತ ಮಂಡಳಿಯ ಸಹಿ. ನಗಬೇಡಿ. ಎರಡನೆಯ ದಿನ ಅವರ ಸೊಂಟ ಹಿಡಿದುಕೊಂಡಿತು, ಅವರನ್ನೇ ಒಬ್ಬರು ಎತ್ತಿ ಕೂರಿಸಬೇಕಾಯಿತು.

ಶನಿವಾರ ಸಂಜೆ ದೊನ್ಯಾ ಓಫೆಲಿಯ ನಮ್ಮನ್ನೆಲ್ಲ ಊಟದ ಮನೆಯಲ್ಲಿ ಸೇರಿಸಿ ಹೇಳಿದರು: "ನಾಳೆ ಬಂಧುಗಳು ಬರ್ತಾರೆ. ಯಾರೂ ಬಟ್ಟೆ ಬದಲಾಯಿಸಬೇಡಿ. ಯಾರೂ ತಲೆ ಬಾಚ್ಕೋಬೇಡಿ. ಹೆಂಗಿದೀವೋ ಹಂಗೇ ಕೂರೋಣ." ಒಬ್ಬರು, "ನನ್ನ ಸೊಸೆ ಬರ್ತಾಳೆ, ಮರ್ಯಾದೆ ಹೋಗುತ್ತೆ" ಎಂದರು. "ಯಾರ ಮರ್ಯಾದೆ?" ಎಂದು ಓಫೆಲಿಯ ಕೇಳಿದರು.

ಭಾನುವಾರ ನೀವೆಲ್ಲ ಬಂದಿರಿ. ನೆನಪಿದೆಯೇ? ಕೇಕು ಹಿಡಿದು ಬಂದಿರಿ, ಹೂ ಹಿಡಿದು ಬಂದಿರಿ. ಬಂದು ನೋಡಿದರೆ ಅಂಗಳದ ತುಂಬ ಮಲಗುವ ಅಂಗಿಯ ಮುದುಕರು, ಕೆದರಿದ ತಲೆಯ ಮುದುಕಿಯರು. ಅವತ್ತು ನನಗೆ ಮಾತಾಡುವ ಕೆಲಸ ಒಪ್ಪಿಸಿದ್ದರು. ಗಂಟಲು ನನ್ನದಲ್ಲವೇ? ಎದ್ದು ನಿಂತೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಸಾವಿರ ಜನರ ಎದುರು ಕೂಗಿದ ನಾನು, ಮಲಗುವ ಅಂಗಿಯಲ್ಲಿ, ಬರಿಯ ಮೊಣಕಾಲು ಕಾಣುವಂತೆ ನಿಂತಿದ್ದಾಗ ಒಂದು ಶಬ್ದವೂ ಹೊರಡಲಿಲ್ಲ.

ಮಾತಾಡಿದವರು, ನರ್ಸುಗಳ ಸಂಬಳ ಹೆಚ್ಚಿಸಿ ಎಂದು ಕೇಳಿದವರು ಓಫೆಲಿಯ. ಅವರ ಮಗ ವಾಲ್ತೆರ್ ಅವರು ಇಲ್ಲೇ ಇದ್ದಾರೆ, ಕುರಿ ಸಾಕಿದ ದೊಡ್ಡ ಯಜಮಾನರು, ಕ್ಷಮಿಸುತ್ತಾರೆಂದು ನಂಬಿದ್ದೇನೆ. ಅವತ್ತು ವಾಲ್ತೆರ್ ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು: "ಅಮ್ಮಾ, ನರ್ಸುಗಳಿಗೆ ಜಾಸ್ತಿ ಕೊಟ್ರೆ ಅದು ನಮ್ಮ ಜೇಬಿಂದಲೇ ಹೋಗೋದು. ಈಗ್ಲೇ ಕಡಿಮೆ ಕಟ್ತಿದೀವಾ?"

"ವಾಲ್ತೆರ್, ಉಣ್ಣೆ ಕತ್ತರಿಸೋಕೆ ಬರ್ತಾರಲ್ಲ ಆಳುಗಳು, ಅವ್ರಿಗೆ ಊಟ ಹಾಕ್ತೀಯಾ?"

"ಹಾಕ್ದೆ ಇರ್ತೀನಾ? ದಿನಾ ಕುರಿ ಹೊಡೀತೀವಿ."

"ಬಿಡುವು ಕೊಡ್ತೀಯಾ?"

"ಎರಡು ಗಂಟೆಗೊಂದ್ಸಲ. ಅದು ಪದ್ಧತಿ ಕಣಮ್ಮಾ."

"ನಿದ್ದೆಗೆಟ್ಟವನ ಕೈಗೆ ಕತ್ತರಿ ಕೊಡ್ತೀಯಾ?"

"ಹುಚ್ಚಾ? ಚರ್ಮ ಹರೀತಾನೆ. ಕುರಿ ಹಾಳಾಗುತ್ತೆ."

ಆಗ ಓಫೆಲಿಯ ತಮ್ಮ ಅಂಗಿಯ ತೋಳನ್ನು ಮೇಲಕ್ಕೆ ಎಳೆದರು. ನಮ್ಮ ವಯಸ್ಸಿನ ತೋಳು ಹೇಗಿರುತ್ತದೆಂದು ನಿಮಗೆ ಗೊತ್ತು. ಈರುಳ್ಳಿಯ ಸಿಪ್ಪೆ. ಅದನ್ನು ಮಗನ ಮುಂದೆ ಹಿಡಿದು ಕೇಳಿದರು: "ಇದು ನಿನ್ನ ಕುರಿ ಚರ್ಮಕ್ಕಿಂತ ದಪ್ಪ ಇದೆಯಾ ಮಗನೇ?"

ವಾಲ್ತೆರ್ ಅವರು ಟೊಪ್ಪಿಗೆ ತೆಗೆದು ದೋನ್ ಅಮಿಲ್ಕಾರ್ ಕಡೆ ತಿರುಗಿ, "ಲೆಕ್ಕ ಏನಾಗುತ್ತೋ ಹೇಳಿ, ಕೂತು ಮಾತಾಡೋಣ" ಎಂದರು. ಒಬ್ಬರು ಒಪ್ಪಿದ ಮೇಲೆ ಇನ್ನೊಬ್ಬರು. ಎಲ್ಲರೂ ಒಪ್ಪಿದರೆಂದು ಹೇಳಲಾರೆ. ಮೂವರು ತಮ್ಮವರನ್ನು ಬೇರೆ ಕಡೆಗೆ ಕರೆದುಕೊಂಡು ಹೋದರು, ಅವರಲ್ಲೊಬ್ಬರು ನನ್ನ ಜೊತೆ ಇಸ್ಪೀಟು ಆಡುತ್ತಿದ್ದವರು. ಅಗ್ಗದ ಜಯ ಎಲ್ಲಿಯೂ ಇಲ್ಲ.

ಹಾಗಾಗಿ ಒಂದು ವರ್ಷದ ಒಪ್ಪಂದವಾಯಿತು. ಆಸ್ಪತ್ರೆಯ ನರ್ಸಿಗೆ ಎಷ್ಟೋ ಇಲ್ಲಿಯೂ ಅಷ್ಟೇ. ಪಾಳಿಯ ಪಟ್ಟಿಯನ್ನು ನರ್ಸುಗಳೇ ತಮ್ಮತಮ್ಮಲ್ಲಿ ಕೂತು ತಿಂಗಳಿಗೆ ಮುಂಚೆ ಬರೆಯುತ್ತಾರೆ, ಬೇಕಾದರೆ ಒಬ್ಬರದನ್ನೊಬ್ಬರು ಬದಲಾಯಿಸಿಕೊಳ್ಳುತ್ತಾರೆ. ನಿಬಿಯಾ ಅವರು ವಾಪಸ್ ಬಂದರು. ಆ ಇನ್ನೊಂದು ಕೆಲಸ ಬಿಟ್ಟರು. ಅವರ ಕಣ್ಣ ಕೆಳಗಿನ ಕಪ್ಪು ಹೋಯಿತು. ಈಗ ಮಾತ್ರೆ ತಪ್ಪುವುದಿಲ್ಲ, ಯಾರೂ ಹಾಸಿಗೆಯಿಂದ ಬೀಳುವುದಿಲ್ಲ. ನಿಬಿಯಾ ಬೆಳಗಿನ ಪಾಳಿ ಆರಿಸಿಕೊಂಡರು, ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರಬಹುದೆಂದು. ಭಾನುವಾರವನ್ನು ಬಿಟ್ಟುಕೊಟ್ಟರು. ಭಾನುವಾರವನ್ನು ಹೊಸದಾಗಿ ಸೇರಿದ ಮೈಕೋಲ್ ಎಂಬ ಹುಡುಗ ತೆಗೆದುಕೊಂಡ. ಅವನಿಗೆ ವಾರವೆಲ್ಲ ಕಾಲೇಜು, ಭಾನುವಾರವೇ ಅನುಕೂಲ. ಎಲ್ಲರಿಗೂ ಸರಿಹೋಯಿತು.

ಎಲ್ಲರಿಗೂ.

ಸ್ವಲ್ಪ ನೀರು ಕೊಡುತ್ತೀರಾ?

ಭಾನುವಾರದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮದುವೆಯಾದವನಲ್ಲ. ಸಂತೆಯಿಂದ ಸಂತೆಗೆ ಹೋಗುವವನಿಗೆ ಹೆಣ್ಣು ಕೊಡುವವರು ಯಾರು? ಕೊಟ್ಟರೂ ನಾನು ಮನೆಯಲ್ಲಿ ಇರುತ್ತಿದ್ದದ್ದು ಯಾವಾಗ? ನನಗೆ ಒಬ್ಬಳು ಅಕ್ಕ ಇದ್ದಳು, ಅಮಾಂದಾ. ನಾನು ಇಲ್ಲಿಗೆ ಸೇರಿದ ಮೇಲೆ ಪ್ರತಿ ಭಾನುವಾರ ರವಿಯೋಲಿ ಕಡುಬು ಮಾಡಿ ಡಬ್ಬಿಯಲ್ಲಿ ತರುತ್ತಿದ್ದಳು, ಉಪ್ಪು ಹೆಚ್ಚು ಎಂದು ನಾನು ಜಗಳವಾಡುತ್ತಿದ್ದೆ. ಅವಳು ಹೋದಳು. ಅದಾದ ಮೊದಲ ಭಾನುವಾರ ನಾನು ಅಂಗಳದಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದೆ. ನಿಬಿಯಾ ಬಿಸಿನೀರು, ಸೋಪು, ಟವೆಲ್ಲು ತಂದು, "ಗಡ್ಡ ಮಾಡ್ಲಾ ದೋನ್ ದಾರ್ದೊ? ಹೋರಿಗಳ ಕಥೆ ಹೇಳ್ತೀರಾ ಹಂಗೇ?" ಎಂದಳು.

ಅಲ್ಲಿಂದ ಪ್ರತಿ ಭಾನುವಾರ. ಊಟವಾದ ಮೇಲೆ ಮಾಟೆ ಸೊಪ್ಪಿನ ಚಹಾ ತುಂಬಿದ ಸೋರೆ ಬುರುಡೆ ಕೈಗೆ ಕೊಟ್ಟು, ನಾನು ಎರಡು ಗುಟುಕು ಹೀರಿದ ಮೇಲೆ ಗಲ್ಲಕ್ಕೆ ನೊರೆ ಹಚ್ಚುವಳು. ನಾನು ಕಥೆ ಹೇಳುವೆ. ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದು ಸದ್ದಿಲ್ಲದೆ ನಗುವಳು. ಕೆಲಸದ ಮನೆಯಲ್ಲಿ ನಗುವ ನಗು ಅದು. ಸೋಮವಾರದಿಂದಲೇ ನಾನು ಅವಳಿಗೆಂದು ಕಥೆ ಕೂಡಿಡುತ್ತಿದ್ದೆ. ಒಮ್ಮೊಮ್ಮೆ ಸುಳ್ಳೂ ಸೇರಿಸುತ್ತಿದ್ದೆ.

ಮೈಕೋಲ್ ಒಳ್ಳೆಯ ಹುಡುಗ. ಕೈ ಹಗುರ. ಒಂದು ಗಾಯವಿಲ್ಲ. ಆದರೆ ಅವನಿಗೆ ದನ ಎಂದರೆ ಮಾಂಸದಂಗಡಿಯಲ್ಲಿ ಸಿಗುವ ಪದಾರ್ಥ. ಗಡ್ಡ ಬೇಗ ಮುಗಿಯುತ್ತದೆ. ಆಮೇಲೆ ಉಳಿಯುತ್ತದಲ್ಲ ಮಧ್ಯಾಹ್ನ, ಅದು ಮುಗಿಯುವುದೇ ಇಲ್ಲ.

ಇದನ್ನೆಲ್ಲ ಯಾಕೆ ಹೇಳಿದೆ? ಹಾಂ. ಮಾಲೀಕರು ಒಪ್ಪಿಸಿದ ಮಾತು.

ಬರುವ ತಿಂಗಳು ಒಪ್ಪಂದ ಮುಗಿಯುತ್ತದೆ. ಹದಿನೈದು ದಿನದ ಹಿಂದೆ ದೋನ್ ಅಮಿಲ್ಕಾರ್ ನನ್ನ ಕೋಣೆಗೆ ಬಂದು ಮಂಚದ ಮೇಲೆ ಕೂತರು. "ದೋನ್ ದಾರ್ದೊ, ಸಂಬಳದ ತಂಟೆಗೆ ನಾನು ಹೋಗಲ್ಲ, ಅದು ಹಂಗೇ ಇರ್ಲಿ. ಭಾನುವಾರಕ್ಕೆ ಮಾತ್ರ ನಿಬಿಯಾ ವಾಪಸ್ ಬರ್ಲಿ. ಬರೋ ಬಂಧುಗಳೆಲ್ಲ 'ನಿಬಿಯಾ ಎಲ್ಲಿ, ನಿಬಿಯಾ ಎಲ್ಲಿ' ಅಂತಾರೆ. ನಾನು ಕೇಳಿದ್ರೆ ಒಪ್ಪಂದ ತೋರಿಸ್ತಾಳೆ. ನೀವು ಸನ್ಮಾನದ ದಿನ, ಎಲ್ಲರ ಎದುರು, ವೇದಿಕೆ ಮೇಲಿಂದ ಕೇಳಿ. ನಿಮಗೆ ಇಲ್ಲ ಅನ್ನಲ್ಲ ಅವಳು."

ಹೌದು. ನನಗೆ ಇಲ್ಲ ಎನ್ನುವುದಿಲ್ಲ. ಅದು ನನಗೂ ಗೊತ್ತಿತ್ತು.

"ಆಗಲಿ" ಎಂದೆ.

ನಿಬಿಯಾ, ನೀನು ಹಾಗೆ ನೆಲ ನೋಡಬೇಡ. ಪೂರ್ತಿ ಕೇಳು.

ವಾಕ್ಯವನ್ನು ತಿದ್ದಿ ತೀಡಿ ಸಿದ್ಧ ಮಾಡಿಕೊಂಡೆ: 'ಈ ಮುದುಕನಿಗೆ ಇನ್ನೆಷ್ಟು ಭಾನುವಾರ ಉಳಿದಿವೆಯೋ, ಅವನ್ನು ನಮಗೆ ದಾನ ಕೊಡು ತಾಯಿ.' ಚೆನ್ನಾಗಿದೆಯಲ್ಲವೇ? ಇಂಥ ಮಾತಿಗೆ ಕಲ್ಲೂ ಕರಗುತ್ತದೆ. ಗಿರಾಕಿಯ ಕೈ ಮೇಲೇಳುವಂತೆ ಮಾಡುವುದೇ ನನ್ನ ಕಸುಬಾಗಿತ್ತು.

ಹೋದ ಭಾನುವಾರ ನನಗೆ ತಡೆಯಲಾಗಲಿಲ್ಲ. ಇಂದಿನ ತನಕ ಯಾಕೆ ಕಾಯಬೇಕು, ಮನೆಗೇ ಹೋಗಿ ಕೇಳಿಬಿಡೋಣ ಎನಿಸಿತು. ಮೈಕೋಲ್ ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತಿದ್ದ. ಕೋಲು ಹಿಡಿದು ಹಿಂಬಾಗಿಲಿಂದ ಹೊರಟೆ. ದೋನ್ ಅಮಿಲ್ಕಾರ್, ಚೌಕದ ಬೆಂಚಿನ ಮೇಲಿದ್ದೆ ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ಮೈಕೋಲ್‌ನನ್ನು ಬೈಯಬೇಡಿ. ರೈಲು ಹಳಿ ದಾಟಿ, ಡಾಂಬರು ಮುಗಿದು ಮಣ್ಣಿನ ರಸ್ತೆ ಶುರುವಾಗುವ ತನಕ ನಡೆದು, ಎರಡು ಕಡೆ ಕೂತು ಸುಧಾರಿಸಿಕೊಂಡು, ಕೇಳಿಕೊಂಡು ಅವಳ ಬೀದಿಯ ಮೂಲೆಗೆ ಹೋಗಿ ನಿಂತೆ.

ಬೀದಿಯ ನಡುವೆ ಎರಡು ಇಟ್ಟಿಗೆ ಇಟ್ಟು ತಾಯಿ ಮಗಳು ಚೆಂಡಾಟ ಆಡುತ್ತಿದ್ದರು. ನಾನು ಮೊದಲು ನೋಡಿದ್ದಲ್ಲ, ಕೇಳಿದ್ದು. ಆ ಗಂಟಲು!

"ಗೋಲಲ್ಲ ಕಣೇ ಕಳ್ಳೀ! ಕಂಬಕ್ಕೆ ಬಡೀತು!"

"ಕಂಬ ಎಲ್ಲಿದೆ? ಇಟ್ಟಿಗೆ ಇರೋದು! ನೀನೇ ಕಳ್ಳಿ!"

"ಅಮ್ಮನಿಗೇ ಕಳ್ಳಿ ಅಂತೀಯಾ? ಬಾ ಇಲ್ಲಿ, ಬಾ!"

ಮತ್ತೆ ನಗು. ಅಂಗೈ ಅಡ್ಡವಿಲ್ಲದ ನಗು. ಕೂದಲು ಬಿಚ್ಚಿ, ಬರಿಗಾಲಲ್ಲಿ, ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿ ನಗುತ್ತಿದ್ದಳು. ಆ ಸದ್ದಿಗೆ ನಾಯಿಗಳು ಬೊಗಳುತ್ತಿದ್ದವು. ಸಭಿಕರೇ, ಗಂಟಲು ಎಂದರೇನೆಂದು ನನಗೆ ಗೊತ್ತು. ಇಷ್ಟು ವರ್ಷ ನನ್ನ ಕಿವಿಯ ಪಕ್ಕದಲ್ಲಿ ನಿಂತು ಗಡ್ಡ ಮಾಡಿದವಳಿಗೆ ಅಂಥದ್ದೊಂದು ಗಂಟಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಅವಳ ಹೆಸರು ಹಿಡಿದು ಕೂಗಲು ಬಾಯಿ ತೆರೆದೆ. ಮುಚ್ಚಿದೆ. ಪಕ್ಕದ ಮನೆಯ ಹೆಂಗಸೊಬ್ಬರು ಬಟ್ಟೆ ಹರವುತ್ತ, "ಯಾರನ್ನ ಹುಡುಕ್ತಿದೀರಿ ತಾತ?" ಎಂದರು.

"ಯಾರನ್ನೂ ಇಲ್ಲಮ್ಮ. ಆಟ ನೋಡ್ತಿದೀನಿ."

"ಯಾರು ಗೆಲ್ತಿದಾರೆ?"

"ತಾಯಿ ಸೋಲ್ತಿದಾಳೆ," ಎಂದೆ. "ಬಹಳ ಚೆನ್ನಾಗಿ ಸೋಲ್ತಿದಾಳೆ."

ಹಾಗೇ ತಿರುಗಿ ಬಂದೆ. ದಾರಿಯುದ್ದಕ್ಕೂ ನನಗೆ ಸಿಟ್ಟು. ಯಾರ ಮೇಲೆ? ಗೊತ್ತಿಲ್ಲ. ಸಂಕಟ ಇಲ್ಲ ಎಂದರೆ ಸುಳ್ಳಾಗುತ್ತದೆ. ವಾರವೆಲ್ಲ ಆ ವಾಕ್ಯ ಬಾಯಿಯಲ್ಲಿ ಸುಳಿದಾಡಿತು, ಇವತ್ತು ಬೆಳಿಗ್ಗೆ ಕೂಡ. ಈ ಮೈಕು ಹಿಡಿದಾಗಲೂ ಯಾವ ಕಡೆ ವಾಲುತ್ತೇನೋ ನನಗೇ ಭರವಸೆ ಇರಲಿಲ್ಲ.

ದೋನ್ ಅಮಿಲ್ಕಾರ್ ಅವರೇ, ನೀವು ಒಪ್ಪಿಸಿದ ಮಾತನ್ನು ನಾನು ಅವಳ ಹತ್ತಿರ ಕೇಳುವುದಿಲ್ಲ. ನನಗೆ ಬೇಡವೆಂದಲ್ಲ. ಬಹಳ ಬೇಕು. ನಿಮಗೂ ಬೇಕು, ಬಂಧುಗಳಿಗೂ ಬೇಕು. ನಮಗೆಲ್ಲ ಬೇಕು ಬೇಕು ಎಂದೇ ತಾನೇ ಅವತ್ತು ಅವಳು ಬಾಚಣಿಗೆ ಹಿಡಿದುಕೊಂಡೇ ನಿದ್ದೆಗೆ ಬಿದ್ದದ್ದು? ಆ ಮೇಜಿನ ಮೇಲಿರುವ ಫಲಕದಲ್ಲಿ 'ನಮ್ಮ ದೇವತೆಗೆ' ಎಂದು ಕೆತ್ತಿಸಿದ್ದೀರಿ. ಅಕ್ಷರ ಚೆನ್ನಾಗಿದೆ. ಆದರೆ ದೇವತೆಯಾದರೆ ಸಂಬಳ ಕೊಡಬೇಕಾಗಿಲ್ಲ, ರಜೆ ಕೊಡಬೇಕಾಗಿಲ್ಲ, ಮನೆಗೆ ಕಳಿಸಬೇಕಾಗಿಲ್ಲ. ದೇವತೆಗೆ ಮನೆಯೆಲ್ಲಿದೆ? ಈಕೆಗೆ ಇದೆ. ನಾನು ನೋಡಿ ಬಂದಿದ್ದೇನೆ.

ಆದ್ದರಿಂದ ನನ್ನ ಕೋರಿಕೆ ಬೇರೆ. ಒಪ್ಪಂದವನ್ನು ಹೇಗಿದೆಯೋ ಹಾಗೆ, ಭಾನುವಾರವನ್ನೂ ಸೇರಿಸಿ, ಮುಂದುವರಿಸಿ. ನನ್ನ ಮಧ್ಯಾಹ್ನದ ಚಿಂತೆ ನನಗಿರಲಿ. ಮೈಕೋಲ್‌ಗೆ ಹೋರಿಗೂ ಎತ್ತಿಗೂ ಇರುವ ವ್ಯತ್ಯಾಸದಿಂದ ಶುರು ಮಾಡುತ್ತೇನೆ.

ಏನಂದಿರಿ? ಸ್ವಲ್ಪ ಜೋರಾಗಿ ಹೇಳಿ ಅಧ್ಯಕ್ಷರೇ. 'ಹಾಗೇ ಆಗಲಿ' ಎಂದರು. ಸಭೆ ಕೇಳಿತಲ್ಲವೇ? ವಾಲ್ತೆರ್, ನೀವು ಕೇಳಿದಿರಿ. ಓಫೆಲಿಯ ಅವರೂ ಕೇಳಿದರು, ತಲೆಯಾಡಿಸುತ್ತಿದ್ದಾರೆ. ಯಂತ್ರ ಬಂದ್ ಮಾಡಿರಲೇ ಇಲ್ಲ ಈ ಮುದುಕಿ!

ಇನ್ನೊಂದೇ ಮಾತು. ನನ್ನ ನಂತರ ನಗರಸಭೆಯ ಗಣ್ಯರು ಮಾತಾಡಬೇಕು, ಅವರ ನಂತರ ಇನ್ನಿಬ್ಬರು, ಆಮೇಲೆ ಗುಂಪು ಫೋಟೋ, ಆಮೇಲೆ ಊಟ. ಆದರೆ ಗಣ್ಯರೇ, ಇವತ್ತು ವಾರ ಯಾವುದೆಂದು ಯಾರಾದರೂ ಗಮನಿಸಿದಿರಾ? ಮೂರನೆಯ ಸಾಲಿನಲ್ಲಿ ಒಂದು ಹುಡುಗಿ ಆಗಿನಿಂದ ಕಾಲು ತೂಗಾಡಿಸುತ್ತ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಾಳೆ. ಸನ್ಮಾನ ಮಾಡುತ್ತೇವೆಂದು ನಾವು ಅವಳ ತಾಯಿಯನ್ನು ಮತ್ತೆ ಭಾನುವಾರವೇ ಕೆಲಸದ ಮನೆಗೆ ಕರೆಸಿ ಕೂರಿಸಿದ್ದೇವೆ.

ದಯವಿಟ್ಟು ಆ ಫಲಕವನ್ನೂ ಹೂವನ್ನೂ ಈಗಲೇ ಅವರ ಕೈಗೆ ಕೊಟ್ಟುಬಿಡಿ. ಉಳಿದ ಭಾಷಣಗಳನ್ನು ನಾವು ಮುದುಕರು ಕೂತು ಕೇಳುತ್ತೇವೆ, ನಮಗೆ ಬೇರೆ ಕೆಲಸವಿಲ್ಲ. ಏಳು ನಿಬಿಯಾ. ಕಣ್ಣೊರೆಸಿಕೋ, ಏಳು. ಹೊರಗೆ ಇನ್ನೂ ಒಳ್ಳೆಯ ಬಿಸಿಲಿದೆ. ಮಗಳ ಕೈ ಹಿಡಿದುಕೊಂಡು ಹೊರಡು. ಬಾಗಿಲ ತನಕ ನಾನೂ ಬರುತ್ತೇನೆ. ಬಾಗಿಲ ತನಕ ಮಾತ್ರ.

ತಾಳ್ಮೆಯಿಂದ ಕೇಳಿದ ತಮಗೆಲ್ಲ, ಐದು ನಿಮಿಷ ಕೊಟ್ಟು ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೆ, ಈ ಮುದುಕನ ವಂದನೆಗಳು. ನಮಸ್ಕಾರ.